ಕೊನೆಯ ಒಂಬತ್ತು ಸಾಲು

“ತಿರುಗಿಸಿ, ತಿರುಗಿಸಿ, ಗೋಡೆಗೆ ತಾಗುತ್ತೆ,” ಎನ್ನುತ್ತಿದ್ದ ಕೆಳಮನೆಯ ಟೈಲರ್. ಪೆಟ್ಟಿಗೆ ಎರಡನೆಯ ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತವರು ಮೂವರೇ, ನಾಲ್ಕನೆಯ ಮೂಲೆಗೆ ಆಳಿರಲಿಲ್ಲ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ ಬೋಳುತಲೆಯ ಮನುಷ್ಯನನ್ನು ಕಂಡದ್ದೇ ಟೈಲರ್‌ಗೆ ಹೋದ ಜೀವ ಬಂದಂತಾಯಿತು.

“ಯಾರ ಕಡೆಯವರು ನೀವು?”

“ಪತ್ರಿಕೆ ಆಫೀಸಿನವನು. ಕತೆಗಾರರ ಮನೆ ಇದೇನಾ?”

“ಅವರೇ ಇದರೊಳಗಿರೋದು. ಬನ್ನಿ, ಒಂದು ಹೆಗಲು ಕೊಡಿ.”

ಬಂದವನು ಹೆಗಲು ಕೊಡುವ ಮೊದಲು ಗೋಡೆಯನ್ನೂ ಪೆಟ್ಟಿಗೆಯನ್ನೂ ಕಣ್ಣಲ್ಲೇ ಅಳೆದ. “ಕಾಲಿನ ಕಡೆ ಮೆಟ್ಟಿಲ ಕಂಬಿಗಿಂತ ಮೇಲಕ್ಕೆ ಎತ್ತಿ. ತಲೆ ಕಡೆ ಹಾಗೇ ಇರಲಿ. ಈಗ ನಿಧಾನಕ್ಕೆ.” ಪೆಟ್ಟಿಗೆ ಸಲೀಸಾಗಿ ತಿರುಗಿ ಇಳಿಯಿತು.

“ಏನು ಕೆಲಸ ನಿಮ್ದು?” ಎಂದ ಟೈಲರ್.

“ಪುಟ ಕಟ್ಟೋದು. ಉದ್ದ ಇರೋದನ್ನ ಇರೋ ಜಾಗದಲ್ಲಿ ಕೂರಿಸೋದು.”

“ಹಾಗಾದ್ರೆ ನಮ್ಮ ಕಸುಬೇ ಬಿಡಿ.”

ಆಫೀಸಿನಲ್ಲಿ ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕತೆಗಾರರ ಜೊತೆ ಇಪ್ಪತ್ತಾರು ವರ್ಷ, ಪ್ರತಿ ಗುರುವಾರ, ಫೋನಿನಲ್ಲಿ ಮಾತಾಡಿದ್ದ. ಮುಖ ಮಾತ್ರ ನೋಡಿದ್ದಿಲ್ಲ. ಇವತ್ತಾದರೂ ನೋಡೋಣವೆಂದು ಭಾನುವಾರದ ಖಾಲಿ ರಸ್ತೆಯಲ್ಲಿ ಎರಡು ಬಸ್ಸು ಬದಲಿಸಿ ಬಂದರೆ, ಮುಚ್ಚಳ ಹಾಕಿಯಾಗಿತ್ತು. ತೆಗೆಯಿರಿ ಎನ್ನಲು ಅವನೇನು ನೆಂಟನೇ, ಇಷ್ಟನೇ? ಆದರೆ ಒಂದು ಪ್ರಶ್ನೆ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಆ ಮನುಷ್ಯ ತನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದರೇ? ಅದನ್ನು ತಿಳಿಯದೆ ಮನೆಗೆ ಹೋಗುವಂತಿರಲಿಲ್ಲ.

*

ಕತೆಯ ಪುಟಕ್ಕೆ ನೂರಿಪ್ಪತ್ತು ಸಾಲು. ಅದು ಸಂಪಾದಕರ ಅಪ್ಪನ ಕಾಲದ ಕಟ್ಟಳೆ. ನಡುವೆ ಎಂದೋ ಪುಟದ ತಳಕ್ಕೆ ಒಂದು ಸಾಬೂನಿನ ಜಾಹೀರಾತು ಬಂದು ಒಂಬತ್ತು ಸಾಲಿನ ಜಾಗ ನುಂಗಿತು. ಉಳಿದದ್ದು ನೂರಾ ಹನ್ನೊಂದು. ಕಟ್ಟಳೆ ಬದಲಿಸಿ ಎಂದು ಕತ್ತರಿ ಎರಡು ಸಲ ಹೇಳಿ ನೋಡಿದ. “ಅಪ್ಪ ಹಾಕಿದ ಲೆಕ್ಕ ಕಣಯ್ಯಾ,” ಎಂದರು ಸಂಪಾದಕರು. ಅಲ್ಲಿಗೆ ಮಾತು ಮುಗಿಯಿತು. ಕತೆಗಾರರು ವಾರವಾರ ನೂರಿಪ್ಪತ್ತು ಸಾಲು ಬರೆದು ಕಳಿಸುತ್ತಿದ್ದರು. ಕತ್ತರಿ ಅಚ್ಚಿನ ಪಟ್ಟಿಯ ಬುಡದಿಂದ ಒಂಬತ್ತು ಸಾಲು ಎಣಿಸಿ ಬ್ಲೇಡು ಎಳೆಯುತ್ತಿದ್ದ.

ಕತ್ತರಿಸಿದ್ದನ್ನು ಓದಬಾರದೆಂಬುದು ಅವನ ನಿಯಮ. ಓದಿದರೆ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಪುಟ ಕಟ್ಟಲಾಗದು. ತುಂಡು ಕಾಗದ ನೇರ ಕಸದ ಬುಟ್ಟಿಗೆ ಬೀಳುತ್ತಿತ್ತು. ಅಕ್ಷರ ಜೋಡಿಸುವವಳು ಅಕ್ಷರವನ್ನಷ್ಟೇ ನೋಡುತ್ತಿದ್ದಳು; ಸಂಪಾದಕರು ಹೆಸರು ನೋಡಿ ಸಹಿ ಹಾಕುತ್ತಿದ್ದರು.

ಗುರುವಾರ ಹನ್ನೊಂದಕ್ಕೆ ಕತೆಗಾರರ ಫೋನು.

“ಈ ವಾರ ಎಷ್ಟು ಹೋಯ್ತು?”

“ಒಂಬತ್ತೇ ಸರ್.”

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,” ಎಂದು ಆ ಕಡೆ ನಗು, ನಗುವಿನ ಹಿಂದೆ ಕೆಮ್ಮು. ಆಮೇಲೆ, “ಊಟ ಆಯ್ತಾ?”

“ಆಯ್ತು ಸರ್,” ಎಂದು ಕತ್ತರಿ ಫೋನು ಇಡುತ್ತಿದ್ದ. ತಿರುಗಿ ಕೇಳುವುದು ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ನಾಲ್ಕು ವರ್ಷದ ಹಿಂದೆ ಒಂದು ವಾರ ಸಾಬೂನಿನವರು ಕೈಕೊಟ್ಟರು. ಜಾಗವಿದ್ದದ್ದರಿಂದ ಕತ್ತರಿ ಕತೆಯನ್ನು ಕತ್ತರಿಸದೆ ಇಡಿಯಾಗಿ ಹಾಕಿದ. ಉಪಕಾರ ಮಾಡಿದೆನೆಂದೇ ಅವನ ಎಣಿಕೆ. ಆದರೆ ಓದುಗರ ಪತ್ರಗಳು ಬಂದವು. ಕತೆ ಮುಗಿದ ಮೇಲೆ ಈ ಬಾಲವೇಕೆ, ಯಾರೋ ಮುದುಕ ಕುರ್ಚಿ ಒರೆಸಿಟ್ಟು ಕಾಯುವುದಕ್ಕೂ ಕತೆಗೂ ಏನು ಸಂಬಂಧ? ಸಂಪಾದಕರು ಅವನ್ನು ಗಟ್ಟಿಯಾಗಿ ಓದಿ, “ಮುದುಕರ ಕೈ ಸೋತಿದೆ,” ಎಂದರು.

ಆ ಗುರುವಾರ ಫೋನಿನಲ್ಲಿ ನಗುವಿರಲಿಲ್ಲ. “ನೀವು ಓದಿದ್ರಾ ಅದನ್ನ?” ಎಂದರು ಕತೆಗಾರರು.

“ಓದಿದೆ ಸರ್. ಚೆನ್ನಾಗಿತ್ತು,” ಎಂದು ಕತ್ತರಿ ಬಾಯಿಮಾತಿಗೆ ಹೇಳಿದ.

ಆ ಕಡೆ ಬರೀ ಕೆಮ್ಮು. “ಸರಿ ಬಿಡಿ. ಇನ್ಮುಂದೆ ಕತ್ತರಿಸಿಬಿಡಿ.”

ಅಂದಿನಿಂದ ಆ ಮುಳ್ಳು.

*

ಮಣ್ಣು ಹಾಕಿ ಬಂದವರು ಹನ್ನೊಂದು ಜನ. ಸಂಪಾದಕರ ಹೂವಿನ ಹಾರ ಬಂದಿತ್ತು, ಅವರು ಬಂದಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹೊರಟ ಮೇಲೆ ಮನೆಯಲ್ಲಿ ಉಳಿದದ್ದು ಕತೆಗಾರರ ಅಕ್ಕ, ಮತ್ತೆ ಎದ್ದು ಹೋಗಲೂ ಆಗದ, ಕೂರಲೂ ಆಗದ ಕತ್ತರಿ.

“ಕೂತ್ಕೊಳ್ಳಿ. ನಿಂತೇ ಇದ್ದೀರಲ್ಲ,” ಎಂದು ಆ ಎಂಬತ್ತರ ಹೆಂಗಸು ಚಹಾ ತಂದಿಟ್ಟರು. ಕಿಟಕಿಯ ಹತ್ತಿರ ಒಂದು ಮೇಜು, ಎರಡು ಕುರ್ಚಿ. ಒಂದರ ಬೆತ್ತ ಕೂತು ಕೂತು ಕುಸಿದಿತ್ತು. ಇನ್ನೊಂದರ ಬೆತ್ತ ಅಂಗಡಿಯಿಂದ ತಂದ ಹಾಗೇ ಬಿಗಿಯಾಗಿತ್ತು. ಅವನು ಅದರ ತುದಿಯಲ್ಲಿ ಕೂತ.

“ಅಕ್ಕಾ, ಒಂದು ಮಾತು. ಅವರ ಕತೆಗಳ ಕೊನೆ ಕತ್ತರಿಸ್ತಿದ್ದವನು ನಾನೇ.”

“ಗೊತ್ತು. ಪತ್ರಿಕೆಯವರು ಅಂತ ಟೈಲರ್ ಹೇಳಿದಾಗಲೇ ಗೊತ್ತಾಯ್ತು. ಅಲ್ಲಿಂದ ಬೇರೆ ಯಾರು ಬರ್ತಾರೆ?”

“ಅವರಿಗೆ ನನ್ನ ಮೇಲೆ ಸಿಟ್ಟಿತ್ತಾ?”

ಅಕ್ಕ ನಕ್ಕರು. “ಮೊದಲನೇ ವರ್ಷ ಇತ್ತಪ್ಪ. ಹಾರಾಡಿದ. ಆಮೇಲೆ ದಾರಿ ಕಂಡ್ಕೊಂಡ. ಬೆಳಿಗ್ಗೆ ಐದರಿಂದ ಎಂಟು, ದಿನಕ್ಕೆ ಇಪ್ಪತ್ತು ಸಾಲು. ಮನೆಗೆ ಬೆಂಕಿ ಬಿದ್ರೂ ಇಪ್ಪತ್ತು ಮುಗೀದೆ ಏಳೋನಲ್ಲ. ವಾರಕ್ಕೆ ಆರು ದಿನ. ಶನಿವಾರ ಮಾತ್ರ ಹನ್ನೊಂದು ಸಾಲಿಗೆ ಕತೆ ಮುಗಿಸಿ ಗೆರೆ ಎಳೀತಿದ್ದ. ನೋಡಿ.”

ಅವರು ಕೊಟ್ಟ ನೋಟುಬುಕ್ಕಿನ ಅಂಚಿನಲ್ಲಿ ಸಾಲುಸಾಲಿಗೂ ಅಂಕಿ. ನೂರಾ ಹನ್ನೊಂದರ ಕೆಳಗೆ ಕೆಂಪು ಗೆರೆ. ಗೆರೆಯ ಕೆಳಗೆ ಒಂಬತ್ತು ಸಾಲು.

“ಮೇಲಿನದು ಊರಿಗೆ. ಕೆಳಗಿಂದು ನಿಮಗೆ,” ಎಂದರು ಅಕ್ಕ. “ಮೊದಮೊದಲು ಮಳೆ ಬಂತು, ರೈಲು ಹೋಯ್ತು ಅಂತ ಏನೋ ತುಂಬಿಸ್ತಿದ್ದ. ಆಮೇಲೆ ಮನಸ್ಸಿನದೇ ಬರೆಯೋಕೆ ಶುರು ಮಾಡಿದ. ಹೇಗಿದ್ರೂ ಆ ಮನುಷ್ಯ ಓದ್ತಾನಕ್ಕಾ, ಓದದೆ ಯಾರಾದ್ರೂ ಕತ್ತರಿಸ್ತಾರಾ ಅಂತಿದ್ದ.”

ಕತ್ತರಿ ಪುಟ ತಿರುಗಿಸಿದ. ಅಕ್ಕನ ಮಂಡಿನೋವು. ಟೈಲರ್ ಹೊಲಿದ ಅಂಗಿಗೆ ಒಂದು ತೋಳು ಉದ್ದ. ಕಿಟಕಿಗೆ ಬರುವ ಕಾಗೆ. ಅವನ ಕೈ ಹನ್ನೆರಡು ವರ್ಷದ ಹಿಂದಿನ ಒಂದು ಪುಟದಲ್ಲಿ ನಿಂತಿತು. “ಆತನ ಹೆಂಡತಿ ತೀರಿಕೊಂಡರಂತೆ. ಫೋನಿನಲ್ಲಿ ದನಿ ಬೇರೆಯಾಗಿತ್ತು. ಏನಾದರೂ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಊಟ ಆಯ್ತಾ ಎಂದಷ್ಟೇ ಕೇಳಿದೆ. ಆಯ್ತು ಎಂದರು. ಆಗಿರಲಿಲ್ಲ.”

ಆಗಿರಲಿಲ್ಲ, ನಿಜ. ಆ ವಾರ ಮೂರು ದಿನ ಅವನು ಅನ್ನ ಮುಟ್ಟಿರಲಿಲ್ಲ. ಅದನ್ನು ಕೇಳುವವರು ಲೋಕದಲ್ಲಿ ಒಬ್ಬರೂ ಇಲ್ಲವೆಂದು ಕಣ್ಣೊರೆಸಿಕೊಂಡು, ಇದೇ ಒಂಬತ್ತು ಸಾಲನ್ನು ಕತ್ತರಿಸಿ ಬುಟ್ಟಿಗೆ ಹಾಕಿದ್ದ.

“ಈ ಕುರ್ಚಿ ನಿಮಗೆ ಅಂತಲೇ ತಂದದ್ದು,” ಎಂದರು ಅಕ್ಕ. “ಪ್ರತಿ ಭಾನುವಾರ ಒರೆಸಿಡ್ತಿದ್ದ. ಬನ್ನಿ ಅಂತ ಬರೆದದ್ದೇ ಆ ಸಲ ಪೂರ್ತಿ ಅಚ್ಚಾಗಿಹೋಯ್ತು. ನಾಚಿಕೆಯಾಗಿ ಎರಡು ದಿನ ಬೀದಿಗೆ ಇಳೀಲಿಲ್ಲ. ನೀವೂ ಓದಿದೆ ಅಂದ್ರಂತೆ, ಆದ್ರೆ ಬರಲಿಲ್ಲ. ದೊಡ್ಡ ಕೆಲಸದವರು, ಪುರುಸೊತ್ತಿರಲ್ಲ ಅಕ್ಕಾ ಅಂದ. ಆಮೇಲೂ ಬರೆಯೋದು ಬಿಡಲಿಲ್ಲ.” ಅವರು ಅವನ ಕೈಯಲ್ಲಿದ್ದ ನೋಟುಬುಕ್ಕಿನತ್ತ ನೋಡಿ ಕೇಳಿದರು, “ಎಲ್ಲಾ ಓದ್ತಿದ್ರಿ ಅಲ್ವಾ?”

ಕತ್ತರಿ ಲೋಟ ಕೆಳಗಿಟ್ಟ. ನಿಜ ಹೇಳಿದರೆ ಈ ಮುದುಕಿಯ ಕೈಯಲ್ಲಿ ಏನು ಉಳಿಯುತ್ತದೆ?

“ಓದ್ತಿದ್ದೆ ಅಕ್ಕಾ,” ಎಂದು ಎರಡನೆಯ ಸಲ ಸುಳ್ಳು ಹೇಳಿದ.

“ಅಷ್ಟು ಸಾಕು,” ಎಂದು ಅಕ್ಕ ಕಣ್ಣೊರೆಸಿಕೊಂಡು ಲೋಟ ಎತ್ತಿಕೊಂಡರು. “ಈ ವಾರದ್ದು ಕಡೇ ಪುಟದಲ್ಲಿದೆ. ನಿನ್ನೆ ಬೆಳಿಗ್ಗೆ ಬರೀತಾ ಇದ್ದಾಗಲೇ ಹೋದದ್ದು. ತಗೊಂಡು ಹೋಗಿ, ಹಾಕಿ.” ಅವರು ಒಳಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು.

ಅವನು ಕಡೆಯ ಪುಟ ತೆಗೆದ. ಕತೆ ನೂರಾ ಹನ್ನೊಂದಕ್ಕೆ ಮುಗಿದಿತ್ತು. ಕೆಂಪು ಗೆರೆಯೂ ಬಿದ್ದಿತ್ತು. ಅದರ ಕೆಳಗೆ ಅಂಚಿನಲ್ಲಿ ಮೊದಲೇ ಹಾಕಿಟ್ಟ ಒಂಬತ್ತು ಅಂಕಿ, ನೂರಾ ಹನ್ನೆರಡರಿಂದ ನೂರಿಪ್ಪತ್ತು. ಸಾಲುಗಳು ಖಾಲಿ.

ಕತ್ತರಿ ಕುರ್ಚಿಯ ತುದಿಯಿಂದ ಹಿಂದೆ ಸರಿದು, ಬೆನ್ನು ಆನಿಸಿ ಪೂರ್ತಿ ಕೂತ. ಹೊಸ ಬೆತ್ತ ಕಿರುಗುಟ್ಟಿತು. ಜೇಬಿನಿಂದ ಪೆನ್ನು ತೆಗೆದು, ನೂರಾ ಹನ್ನೆರಡರ ಎದುರಿಗೆ ಬರೆದ.

“ಆಯ್ತು ಸರ್. ನಿಮ್ಮದು ಆಯ್ತಾ?”