ಚಿತ್ರದಲ್ಲಿ ಕೆಂಪಾಗಿ ಕಂಡ ಹೊಂಗೆ ತೋಪು

ಹುಳಿಮಾವು ಊರಿನ ಅಣ್ಣಮ್ಮನಿಗೆ ಕೆಂಪು ಬಣ್ಣ ಕಂಡರೆ ಹೆದರಿಕೆ. ಎಂಟು ವರ್ಷದ ಹಿಂದೆ ಜೆ.ಪಿ. ನಗರದ ಕಡೆಗಿದ್ದ ಅವರ ರಾಗಿ ಹೊಲದ ಗಡಿಕಲ್ಲಿಗೆ ಯಾರೋ ಕೆಂಪು ಬಣ್ಣ ಬಳಿದು ಹೋಗಿದ್ದರು. ವರ್ಷ ತುಂಬುವುದರೊಳಗೆ ಸರ್ಕಾರ ಹೊಲ ಕಿತ್ತುಕೊಂಡು ಬಡಾವಣೆ ಮಾಡಿತು. ಇನ್ನು ಉಳಿದದ್ದು ಐದೆಕರೆ ಹೊಂಗೆ ತೋಪು, ಅಷ್ಟೇ.

ಈ ವರ್ಷ, ೧೯೮೩ರಲ್ಲಿ, ಒಂದು ದಿನ ಜಯಾ ಎಂಬಾಕೆ ದೊಡ್ಡದೊಂದು ಚಿತ್ರ ಹಿಡಿದು ಬಂದಳು. ಉಪಗ್ರಹ ಆಕಾಶದಿಂದ ತೆಗೆದ ಚಿತ್ರ. ಎಲ್ಲಿ ಕಾಡು ಉಳಿದಿದೆ, ಎಲ್ಲಿ ಮತ್ತೆ ಬೆಳೆದಿದೆ ಎಂದು ನಕ್ಷೆ ಮಾಡುವುದು ಆಕೆಯ ಕೆಲಸ. "ಇದೇ ನಿಮ್ಮ ತೋಪು. ನಾಳೆ ಬಂದು ನೋಡ್ತೀನಿ" ಎಂದು ಬೆರಳಿಟ್ಟು ತೋರಿಸಿ ಹೋದಳು. ಬೆರಳಿಟ್ಟ ಜಾಗ ಕೆಂಪಗಿತ್ತು. ರಾತ್ರಿ ಅಣ್ಣಮ್ಮ ಅದನ್ನು ಗಂಡನಿಗೆ ಹೇಳಿದಳು.

ಬೆಳಗ್ಗೆ ಗಂಡ ಚಿನ್ನಪ್ಪ ಕೊಡಲಿ ಎತ್ತಿಕೊಂಡ. "ಮರ ಇದ್ರೆ ತಾನೆ ಕಾಡು ಅಂತ ಸರ್ಕಾರ ಕಿತ್ಕೊಳ್ಳೋದು? ಎಲ್ಲಾ ಕಡಿದಾಕ್ತೀನಿ."

ಅಣ್ಣಮ್ಮ ತಡೆಯಲಿಲ್ಲ. ಹೆದರಿಕೆಗೆ ತಾನೂ ಮಚ್ಚು ಹಿಡಿದು ಹಿಂದೆ ಹೋದಳು. ಮರ ಬಿದ್ದಾಗಲೆಲ್ಲ ಅದರ ಕೊಂಬೆ ಸವರಿದಳು.

ಏಳನೆಯ ಮರ ಉರುಳುವಾಗ ಜಯಾ ಓಡಿ ಬಂದಳು. "ಅಯ್ಯೋ, ನಿಲ್ಸಿ ಅಣ್ಣಾ! ಯಾಕ್ ಕಡೀತಿದ್ದೀರಿ?"

"ಕೆಂಪು ಗುರುತು ಹಾಕ್ಕೊಂಡ್ ಬಂದು ಯಾಕೆ ಅಂತೀಯಲ್ಲ ತಾಯಿ" ಎಂದಳು ಅಣ್ಣಮ್ಮ.

"ಅದು ಗುರುತಲ್ಲಕ್ಕ. ಹಸಿರು ಸೊಪ್ಪು ಈ ಚಿತ್ರದಲ್ಲಿ ಕೆಂಪಾಗೇ ಕಾಣೋದು. ಬನ್ನೇರುಘಟ್ಟದ ಕಾಡೂ ಕೆಂಪೇ, ನೋಡಿ. ಕೆರೆ ಕಪ್ಪು."

ಚಿನ್ನಪ್ಪ ಕೊಡಲಿ ಇಳಿಸಲಿಲ್ಲ. "ತೋಪು ನಮ್ದು ಅಂತ ಈ ಚಿತ್ರಕ್ಕೆ ಗೊತ್ತಾ?"

"ಇಲ್ಲಣ್ಣ. ಯಾರ್ದು ಅನ್ನೋದು ಪಹಣೀಲಿರತ್ತೆ, ಆಕಾಶದಿಂದ ಕಾಣಲ್ಲ. ಹೊಂಗೇನೋ ನೀಲಗಿರೀನೋ ಅನ್ನೋದೂ ಸರಿಯಾಗ್ ಗೊತ್ತಾಗಲ್ಲ. ಅದ್ಕೇ ನಿಮ್ಮನ್ನ ಕೇಳೋಕೆ ಬಂದೆ."

ಜಯಾ ಇನ್ನೊಂದು ಚಿತ್ರ ಬಿಚ್ಚಿದಳು, ಹತ್ತು ವರ್ಷ ಹಳೆಯದು. ಅದರಲ್ಲಿ ತೋಪಿನ ಜಾಗ ಬಿಳಿಚಿಕೊಂಡಿತ್ತು; ಆಗ ತೋಪು ಕಡಿದು ಮೋಟು ಮಾತ್ರ ಉಳಿದಿತ್ತು. ಅಣ್ಣಮ್ಮ ಎರಡನ್ನೂ ನೋಡಿದಳು. ಆ ಬೋಳು ಮೋಟುಗಳು ಚಿಗುರುವಾಗ, ಮೇಯಲು ಬಂದ ಮೇಕೆಗಳನ್ನು ಹಗಲೆಲ್ಲ ಓಡಿಸಿದವಳು ಅವಳೇ.

"ಈ ಕೆಂಪೆಲ್ಲ ನಾನು ಕಾದಿದ್ದಾ?" ಎಂದವಳು ಕಡಿದ ಮರದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

"ಬುಡ ಕೀಳ್ಬೇಡಿ ಅಕ್ಕ. ಹೊಂಗೆ ಮತ್ತೆ ಚಿಗುರುತ್ತೆ."

ಚಿನ್ನಪ್ಪ ಕೊಡಲಿ ಕೆಳಗಿಟ್ಟು, ಬುಡಗಳ ಸುತ್ತ ಬೇಲಿ ಕಟ್ಟಲು ಮುಳ್ಳು ತರಹೋದ.

ಅಕ್ಕಂದಿರೇ, ಅಣ್ಣಂದಿರೇ, ನಕ್ಷೆಯವರು ನಾಳೆ ನಿಮ್ಮೂರಿಗೂ ಬರಬಹುದು. ಹೆದರಿಕೆಯಾದರೆ ಬಾಯಿಬಿಟ್ಟು ಕೇಳಿ. ಜೊತೆಗೆ ನಡೆದು ಮರಗಳ ಹೆಸರು ಹೇಳಿ. ಕೇಳದೆ ಮಾತ್ರ ಕೊಡಲಿ ಎತ್ತಬೇಡಿ. ಅಣ್ಣಮ್ಮನಿಗೆ ಈಗ ಐವತ್ತೈದು. ಆ ಏಳು ಮರ ಮತ್ತೆ ನೆರಳಾಗಲು ಇನ್ನೂ ಹತ್ತು ವರ್ಷ ಅವಳು ಮೇಕೆ ಓಡಿಸಬೇಕು.