ನೀರು ಚೆಲ್ಲದ ನಡಿಗೆ

“ಕುಂಟುವವರ ಯಾವ ಕಾಲು ಜೋರಾಗಿ ಕೇಳುತ್ತೆ, ಹೇಳು ನೋಡೋಣ? ಎಲ್ಲರೂ ನೋವಿರೋ ಕಾಲು ಅಂತಾರೆ. ಸಿನಿಮಾದವರಂತೂ ಅದನ್ನೇ ನಂಬ್ಕೊಂಡು ಧಪ್ ಧಪ್ ಅಂತ ಆ ಕಾಲನ್ನೇ ಕುಟ್ಟಿಸ್ತಾರೆ. ಪೆದ್ದರು! ನೋವಿರೋ ಕಾಲನ್ನ ಯಾರಾದ್ರೂ ನೆಲಕ್ಕೆ ಕುಟ್ತಾರಾ? ಮುಟ್ಟಿದ್ರೆ ಮುಟ್ಟಿತು, ಇಲ್ಲದಿದ್ರೆ ಇಲ್ಲ ಅನ್ನೋ ಹಾಗೆ ಇಟ್ಟು ಎತ್ತಿಬಿಡ್ತಾರೆ. ಭಾರ ಎಲ್ಲ ಪಾಪ ಇನ್ನೊಂದು ಕಾಲಿನ ಮೇಲೆ. ಸದ್ದು ಮಾಡೋದು ಚೆನ್ನಾಗಿರೋ ಕಾಲು. ಸಂಸಾರದಲ್ಲೂ ಅಷ್ಟೇ ನೋಡು, ಭಾರ ಹೊರೋನು ಗೊಣಗ್ತಾನೆ, ನೊಂದೋನು ಸುಮ್ನಿರ್ತಾನೆ. ಕೇಳಿಸ್ತಾ?”

ಹೀಗೆ ಪಾಠ ಹೇಳುವ ನನ್ನ ತಮ್ಮ ತಾನು ನಡೆದರೆ ಮಾತ್ರ ಪಕ್ಕದ ಕೋಣೆಗೂ ಕೇಳುವುದಿಲ್ಲ. ಯಾವ ಮಾಯದಲ್ಲೋ ಬೆನ್ನ ಹಿಂದೆ ಬಂದು ನಿಂತಿರುತ್ತಾನೆ, ನಾನು ಬೆಚ್ಚಿ ಎದೆ ಹಿಡಿದುಕೊಳ್ಳುವುದು, “ಒಂದು ಸಲ ಕೆಮ್ಮಬಾರದೇನೋ, ಪ್ರಾಣ ಹೋಯ್ತು!” ಎಂದು ಬೈಯುವುದು, ಅವನು ಕಿಸಕ್ಕನೆ ನಗುವುದು, ಇದು ನಮ್ಮಿಬ್ಬರ ನಡುವೆ ಬಾಲ್ಯದಿಂದ ನಡೆದುಬಂದ ನಿತ್ಯವಿಧಿ. ನೂರಾರು ಚಿತ್ರಗಳಲ್ಲಿ ರಾಜರಿಗೆ, ಕಳ್ಳರಿಗೆ, ಮದುವಣಗಿತ್ತಿಯರಿಗೆ, ಕಡೆಗೆ ಕುದುರೆಗಳಿಗೂ ಕಾಲಸಪ್ಪಳವನ್ನು ದಾನಮಾಡಿದ ಈ ಮಹಾರಾಯ ತನಗೆಂದು ಒಂದು ಚೂರೂ ಉಳಿಸಿಕೊಳ್ಳಲಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ಚಿತ್ರ ತೆಗೆಯುವಾಗ ಯಂತ್ರಗಳ ಗರಗರ, ದೀಪದವರ ಕೂಗಾಟಗಳ ನಡುವೆ ನಟರ ಕಾಲಸಪ್ಪಳ ಸರಿಯಾಗಿ ಸಿಗುವುದಿಲ್ಲವಂತೆ. ಆಮೇಲೆ ಮುಚ್ಚಿದ ಕೋಣೆಯೊಂದರಲ್ಲಿ, ಎದುರಿನ ಪರದೆಯ ಮೇಲೆ ಓಡುವ ಮೂಕಚಿತ್ರವನ್ನು ನೋಡುತ್ತಾ, ಕಲ್ಲು, ಹಲಗೆ, ಜಲ್ಲಿ ಹರಡಿದ ಚೌಕಗಳ ಮೇಲೆ ಒಬ್ಬನು ಅವರೆಲ್ಲರ ಪರವಾಗಿ ನಡೆಯಬೇಕು. ಆ ಒಬ್ಬ ನನ್ನ ತಮ್ಮ. ಹೆತ್ತವರು ಇಟ್ಟ ಹೆಸರಿನಿಂದ ಅವನನ್ನು ಸ್ಟುಡಿಯೋದಲ್ಲಿ ಯಾರೂ ಕರೆಯಲಿಲ್ಲ. “ಹೆಜ್ಜೆ ಬಂದ್ನಾ?” “ಹೆಜ್ಜೆಗೆ ಊಟ ಆಯ್ತಾ?” ಎಂದೇ ಕೇಳಿದರು. ಕೆಲಸದ ಕೋಣೆಗೆ ಹೋಗುವ ಮುನ್ನ ತನ್ನ ಉದ್ದನೆಯ ಕಂದು ಕೋಟನ್ನು ಬಾಗಿಲ ಹೊರಗಿನ ಮೊಳೆಗೆ ತೂಗುಹಾಕುತ್ತಿದ್ದ. ಅದು ಸರಪರ ಎನ್ನುತ್ತದೆಂಬುದು ಅದರ ಅಪರಾಧ. ಆ ಕೋಟಿನ ಜೇಬುಗಳನ್ನು ಒಗೆಯುವಾಗ ತಡಕಿದರೆ ಸದ್ದಿಗಾಗಿ ಕೂಡಿಟ್ಟ ಕೀಲಿಗೊಂಚಲು, ಚರ್ಮದ ಪಟ್ಟಿ, ಮುರಿದ ಬಾಗಿಲಿನ ತಿರುಗಣಿ ಸಿಗುತ್ತಿದ್ದವು. ಬೂಟಿನಂಗಡಿಗೆ ಹೋದರೆ ಕಣ್ಣು ಮುಚ್ಚಿ ಒಂದೊಂದರ ಹಿಮ್ಮಡಿಯನ್ನೂ ನೆಲಕ್ಕೆ ತಟ್ಟಿ ನೋಡುವನು. “ಸ್ವಾಮಿ, ಇದು ನಿಮ್ಮ ಕಾಲಿಗೆ ಎರಡು ಅಳತೆ ದೊಡ್ಡದು” ಎಂದು ಅಂಗಡಿಯವನು ತಾಳ್ಮೆಗೆಟ್ಟು ಹೇಳಿದರೆ, “ಹಾಕ್ಕೊಳ್ಳೋಕಲ್ಲಪ್ಪ, ಕೇಳಿಸ್ಕೊಳ್ಳೋಕೆ” ಎನ್ನುವನು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೂ ಅವನ ಉತ್ತರ ಸಿದ್ಧವಿತ್ತು: “ಒಬ್ಬಳ ಚಪ್ಪಲಿ ಸದ್ದು ನನಗೆ ಮೆಚ್ಚಿಗೆ ಆಗಿತ್ತು. ಅವಳಿಗೆ ನನ್ನ ಸದ್ದೇ ಕೇಳಿಸ್ಲಿಲ್ಲ.”

ಬೂಟುಗಳೆಲ್ಲ ಮೂಲೆಗೆ ಕಬ್ಬಿಣ ಬಡಿದ ಒಂದು ಮರದ ಪೆಟ್ಟಿಗೆಯಲ್ಲಿ ಅವನೊಂದಿಗೆ ತಿರುಗುತ್ತಿದ್ದವು. ಸ್ಟುಡಿಯೋದ ಕಿಡಿಗೇಡಿಗಳು ತಮಾಷೆಗೆಂದು ಜೋಡಿಗೊಂದರಂತೆ ಎತ್ತಿ ಅಡಗಿಸಿಡುತ್ತಿದ್ದರು. ಒಂದು ದಿನ ಮಂತ್ರಿಯ ಪಾತ್ರ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹೆಂಗಸರ ಚಪ್ಪಲಿ ಹಾಕಿಕೊಂಡಂತೆ ಸದ್ದು ಮಾಡಿದ ಮೇಲೆ, ಇವನು ಪೆಟ್ಟಿಗೆಯನ್ನು ಎಡಗೈಯಿಂದ ಕೆಳಗಿಡುವುದನ್ನೇ ಬಿಟ್ಟ. ಉಣ್ಣುವಾಗ ತೊಡೆಯ ಮೇಲೆ. ನಡೆಯುವ ಕೆಲಸದಲ್ಲೂ ಕೈಯಲ್ಲೇ.

ಅವನಿಗೆ ಇಪ್ಪತ್ತಮೂರು ತುಂಬಿದ ವರ್ಷ ಒಬ್ಬ ಸೇನಾಪತಿಯ ಜೀವನಚರಿತ್ರೆ ಚಿತ್ರವಾಗಿ ಬಂತು. ಕಪ್ಪುಬಿಳುಪಿನ, ಮೂರು ಗಂಟೆಯ ಚಿತ್ರ. ತೊಡೆಗೆ ಗುಂಡು ತಗುಲಿದ ಸೇನಾಪತಿ, ಯುದ್ಧ ಸೋತ ಮರುದಿನ, ಗಾಯಾಳುಗಳು ಸಾಲಾಗಿ ಮಲಗಿದ ಆಸ್ಪತ್ರೆಯ ಪಡಸಾಲೆಯನ್ನು ಈ ತುದಿಯಿಂದ ಆ ತುದಿಗೆ ದಾಟುವ ಒಂಬತ್ತು ನಿಮಿಷ ಅದರಲ್ಲಿದೆ. ಮಾತಿಲ್ಲ, ಸಂಗೀತವಿಲ್ಲ, ಬರೀ ಕಾಲಸಪ್ಪಳ. ಚಿತ್ರಮಂದಿರದಲ್ಲಿ ಗಂಡಸರು ಬಿಕ್ಕಿದ್ದನ್ನು ಕೇಳಿದ್ದೇನೆ. ಪಾತ್ರಧಾರಿಯ ನಡಿಗೆಯಲ್ಲಿ ಇಡೀ ಸೈನ್ಯದ ಶೋಕವಿದೆ ಎಂದು ಪತ್ರಿಕೆಗಳು ಕೊಂಡಾಡಿದವು. ಪಾತ್ರಧಾರಿ ಅಂದು ತೊಟ್ಟಿದ್ದು ಸದ್ದೇ ಆಗದ ಬಟ್ಟೆಯ ಬೂಟು ಎಂಬುದು ಬರೆದವರಿಗೆ ತಿಳಿಯದು.

ನಮ್ಮಮ್ಮನನ್ನೂ ಆ ಚಿತ್ರಕ್ಕೆ ಕರೆದೊಯ್ದಿದ್ದೆವು. ಎರಡನೇ ಮಹಡಿಯ ಈ ಬಾಡಿಗೆ ಮನೆಗೆ ಅಂಗಳದ ನಲ್ಲಿಯಿಂದ ನೀರು ಹೊತ್ತು ನಮ್ಮನ್ನು ಬೆಳೆಸಿದವಳು. ಒಮ್ಮೆ ಮೆಟ್ಟಿಲು ಜಾರಿ ಎಡಸೊಂಟ ಮುರಿದು, ಅದು ಕೂಡಿಕೊಂಡರೂ ನೆಟ್ಟಗಾಗದೆ, ಆಮೇಲೂ ಹೊತ್ತವಳು. ಆಸ್ಪತ್ರೆಯ ದೃಶ್ಯ ಬಂದಾಗ ಅವಳು ನನ್ನ ಮೊಣಕೈ ತಿವಿದಳು. “ಪಾಪ ಕಣೇ, ಅಷ್ಟು ದೊಡ್ಡ ಮನುಷ್ಯ, ನನ್ನ ಹಾಗೇ ನಡೀತಾನಲ್ಲೇ!” ಅವಳ ಆಚೆಗೆ ಕೂತಿದ್ದ ತಮ್ಮ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡ. ಮುಂಜಾನೆ ಹಾಸಿಗೆಯಲ್ಲೇ ಮಲಗಿ ಮೆಟ್ಟಿಲು ಮೆಟ್ಟಿಲಾಗಿ ಕೇಳಿಸಿಕೊಂಡಿದ್ದ ಹೆಜ್ಜೆಗಳನ್ನೇ ಅವನು ಆ ಸೇನಾಪತಿಗೆ ತೊಡಿಸಿದ್ದ. ಮತ್ತೆ ಎರಡು ವರ್ಷಕ್ಕೆ ಅಮ್ಮ ಹೋದಳು. ಅವಳದೊಂದು ಭಾವಚಿತ್ರವಿಲ್ಲ, ಧ್ವನಿ ಎಲ್ಲೂ ಹಿಡಿದಿಟ್ಟಿಲ್ಲ. ಲೋಕದಲ್ಲಿ ಅವಳದೆಂದು ಉಳಿದದ್ದು ಆ ಒಂಬತ್ತು ನಿಮಿಷ.

ಹೋದ ವರ್ಷ ಆ ಹಳೆಯ ಚಿತ್ರವನ್ನು ತೊಳೆದು ಬಳಿದು, ಜನ ಮನೆಯಲ್ಲೇ ಕೂತು ನೋಡುವ ಹಾಗೆ ಡಿಸ್ಕಿನಲ್ಲಿ ಹೊರತರಲು ಹೊರಟರು. ಡಬ್ಬಗಳನ್ನು ತೆರೆದರೆ ಆಸ್ಪತ್ರೆಯ ಸುರುಳಿಯಲ್ಲಿ ಸದ್ದು ಮೂಡಿಸಿದ ಪಟ್ಟಿಗೆ ಬೂಷ್ಟು ಹಿಡಿದುಹೋಗಿತ್ತು. ಬೇರೆ ಪ್ರತಿಯೂ ಇರಲಿಲ್ಲ. ಹಳೆಯ ಧ್ವನಿಗಳನ್ನು ದುರಸ್ತಿ ಮಾಡುವ ಹೆಂಗಸೊಬ್ಬರು ನಮ್ಮ ಮನೆ ಹುಡುಕಿಕೊಂಡು, ಏದುಸಿರು ಬಿಡುತ್ತಾ ಮೇಲೆ ಬಂದರು.

“ಸರ್, ಚಿತ್ರ ಕನ್ನಡಿ ಥರ ಇದೆ. ಸದ್ದು ಮಾತ್ರ ಇಲ್ಲ. ಪಿಟೀಲು ಹಾಕಿ ಮುಚ್ಚಿಬಿಡೋಣ ಅಂತಿದಾರೆ. ನಾನು ಜಗಳ ಆಡಿ ಒಂದೇ ಒಂದು ದಿನ ಕೇಳ್ಕೊಂಡಿದೀನಿ. ನೀವು ಮತ್ತೆ ನಡೀತೀರಾ?”

“ಪಿಟೀಲಾ?” ಎಂದ ತಮ್ಮ. “ಪಿಟೀಲು ಕುಂಟುತ್ತಾ ತಾಯಿ?”

ಒಪ್ಪಿಕೊಂಡದ್ದೇನೋ ಆಯಿತು. ಇದ್ದದ್ದು ಒಂದು ವಾರ. ಅರವತ್ತೆಂಟರ ಮನುಷ್ಯ ನಡುಮನೆಯಲ್ಲಿ ಹಳೆಯ ಬೂಟು ಮೆಟ್ಟಿ ಗೋಡೆಯಿಂದ ಗೋಡೆಗೆ ನಡೆಯತೊಡಗಿದ. ಕೆಳಗಿನ ಮನೆಯ ಟೈಪಿಸ್ಟು ಮೇಲೆ ಬಂದು, “ನಿಮ್ಮನೇಲಿ ಸೈನ್ಯ ಏನಾದ್ರೂ ಬೀಡು ಬಿಟ್ಟಿದೆಯಾ?” ಎಂದು ವಿಚಾರಿಸಿ ಹೋದಳು. ಐದನೆಯ ದಿನ ತಮ್ಮ ಕುರ್ಚಿಯಲ್ಲಿ ಕುಸಿದ.

“ಮಂಡಿ ನಿಜವಾಗ್ಲೂ ಹಿಡ್ಕೊಂಡಿದೆ, ನಟನೆಯೇ ಬೇಡ, ಸಲೀಸು ಅಂದ್ಕೊಂಡಿದ್ದೆ. ಆದ್ರೆ ಇದು ನನ್ನ ಕುಂಟು ಅಕ್ಕ. ಅವಳದು ಬರ್ತಾ ಇಲ್ಲ. ಪಿಟೀಲೇ ಹಾಕ್ಕೊಳ್ಳಿ ಅಂದುಬಿಡ್ತೀನಿ.”

“ಇನ್ನೊಂದ್ಸಲ ನಡಿ” ಎಂದೆ. ಬಿಡಿಸುತ್ತಿದ್ದ ಬಟಾಣಿಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದೆ. ಅಂತರ ಸರಿಯಿತ್ತು, ಹಗುರದ ಹೆಜ್ಜೆ ಹಗುರವಾಗಿಯೇ ಇತ್ತು, ಭಾರದ್ದು ಭಾರವಾಗಿಯೇ ಇತ್ತು. ಆದರೆ ಆ ಸದ್ದಿಗೆ ಹಿಂದೆಮುಂದೆ ನೋಡುವ ಎಚ್ಚರವಿರಲಿಲ್ಲ.

“ಇದು ಬರಿಗೈಯವರ ನಡಿಗೆ ಕಣೋ. ಅಮ್ಮ ಯಾವತ್ತು ಬರಿಗೈಲಿ ಮೆಟ್ಟಿಲು ಹತ್ತಿದ್ಲು?”

ಅವನು ಒಂಟಿಕಾಲಿನಲ್ಲಿ ಹಾಗೇ ನಿಂತ. “ಹಾಗಾದ್ರೆ ಆಗ ಹೇಗೆ ಬಂತು?”

“ಆಗ ನಿನ್ನ ಕೈಲಿ ಏನಿತ್ತು?”

ಎಡಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡ. “ಪೆಟ್ಟಿಗೆ!” ನಲವತ್ತೈದು ವರ್ಷ ತನ್ನ ಕಿವಿಯ ಜಾಣ್ಮೆ ಎಂದುಕೊಂಡಿದ್ದರಲ್ಲಿ ಅರ್ಧ ಪಾಲು ಬೂಟು ಕದಿಯುತ್ತಿದ್ದ ಆ ಕಿಡಿಗೇಡಿಗಳದು ಎಂದು ಹೊಳೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪೆಟ್ಟಿಗೆಯನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ನಾನು ಬಚ್ಚಲಿನಿಂದ ಬಕೆಟ್ಟು ತಂದು ಮುಂದಿಟ್ಟೆ. “ಎಡಗೈಗೆ ತಗೋ. ನೋವಿರೋ ಕಡೆ ಹಿಡಿದ್ರೆ ಸೊಂಟಕ್ಕೆ ಆರಾಮ ಅಂತಿದ್ಲು.”

ಆ ಒಂದು ದಿನಕ್ಕೆ ನನ್ನನ್ನೂ ಜೊತೆಗೆ ಕರೆದೊಯ್ದ. ತುಂಬಿದ ಬಕೆಟ್ಟನ್ನು ಕಂಡು ದುರಸ್ತಿಯ ಹೆಂಗಸು ಗಾಬರಿಯಾದರು. “ಸರ್, ಇಲ್ಲೆಲ್ಲ ವಿದ್ಯುತ್ತಿನ ತಂತಿ ಇದೆ. ಭಾರಕ್ಕೆ ಮರಳು ತುಂಬಿಸಿ ಕೊಡ್ತೀನಿ, ಆಗಲ್ವಾ?”

“ಮರಳು ಸುಮ್ನೆ ಬಿದ್ದಿರುತ್ತೆ ತಾಯಿ. ನೀರು ಹಾಗಲ್ಲ, ಚೆಲ್ಲದ ಹಾಗೆ ನಡೀಬೇಕು. ಅಷ್ಟು ಜನ ಗಾಯಾಳುಗಳ ಮಧ್ಯೆ ಆ ಮನುಷ್ಯ ಹಾಗೇ ತಾನೇ ನಡೆದಿರ್ತಾನೆ? ಕೇಳಿಸ್ತಾ?”

ಅವರು ತಂತಿಗಳನ್ನು ಸರಿಸಿದರು. ನೀರು ತುಳುಕದಿರಲೆಂದು, ಅಮ್ಮ ಮಾಡುತ್ತಿದ್ದಂತೆ, ಒಂದು ದುಂಡನೆಯ ಹಲಗೆಯನ್ನು ಅದರ ಮೇಲೆ ತೇಲಬಿಟ್ಟೆ. ದೀಪ ಆರಿತು, ಪರದೆಯ ಮೇಲೆ ಪಡಸಾಲೆ ಮೂಡಿತು, ನನ್ನ ತಮ್ಮ ನಡೆದ. ಒಂಬತ್ತು ನಿಮಿಷ ನಾನು ಪರದೆಯನ್ನು ನೋಡಲಿಲ್ಲ. ದೀಪ ಹತ್ತಿದಾಗ ಕಲ್ಲಿನ ಮೇಲೆ ಒಂದು ಹನಿಯೂ ಇರಲಿಲ್ಲ. ಆ ಹೆಂಗಸು ಕಿವಿಗಿಟ್ಟ ಯಂತ್ರವನ್ನು ತೆಗೆಯದೆ, “ಇನ್ನೊಂದ್ಸಲ ಬೇಡ ಸರ್” ಎಂದಷ್ಟೇ ಹೇಳಿದರು.

ಡಿಸ್ಕು ಬಂದ ದಿನ ಮಧ್ಯಾಹ್ನ ಕೆಳಗಿನ ಟೈಪಿಸ್ಟಳ ಮನೆಯ ದೊಡ್ಡ ಟೀವಿಯಲ್ಲಿ ನೋಡಿದೆವು. ಆಸ್ಪತ್ರೆ ಬಂದಾಗ ಅವಳು ಸೆರಗಿನಿಂದ ಮೂಗೊರೆಸಿಕೊಂಡು, “ಎಂಥ ನಟ ಅಲ್ವಾ!” ಎಂದಳು. “ಹೌದಮ್ಮ, ದೊಡ್ಡ ನಟ” ಎಂದು ಇವನು ಮನಃಪೂರ್ವಕವಾಗಿ ಒಪ್ಪಿ, ನನ್ನ ಕಡೆ ತಿರುಗಿದ. ಮಾತಿನ ಕೊನೆಗೆ ಸುಮ್ಮನೆ ಬರುವ ಆ ‘ಕೇಳಿಸ್ತಾ’ ಈ ಸಲ ನಿಜವಾದ ಪ್ರಶ್ನೆಯಾಗಿತ್ತು. ಕೇಳಿಸ್ತು ಎಂದು ತಲೆಯಾಡಿಸಿದೆ.

ಇಂಥವರು ತಾವು ಪ್ರೀತಿಸಿದ್ದನ್ನು ಹೆಸರು ಹೇಳದೆ ಲೋಕದ ನಡುವೆ ಇಟ್ಟುಬಿಡುತ್ತಾರೆ. ಅದು ಯಾರೋ ಮಹಾಪುರುಷನದೆಂದು ಜನ ಕಣ್ಣೊರೆಸಿಕೊಳ್ಳುತ್ತಾರೆ. ಇವರು ಪಕ್ಕದ ಕುರ್ಚಿಯಲ್ಲಿ ಟೋಪಿ ಎಳೆದುಕೊಂಡು ಕೂತಿರುತ್ತಾರೆ. ಗುರುತು ಹಿಡಿಯುವ ಕಿವಿ ಒಂದಿದ್ದರೆ ಅವರಿಗೆ ಸಾಕು, ಬಹುಶಃ ಅದೂ ಇಲ್ಲದೆ ನಡೆದಾರು.

ಇವತ್ತು ಬೆಳಿಗ್ಗೆ, ಅಮ್ಮ ಹೋದ ಮೇಲೆ ಮನೆಯೊಳಗೇ ಬಂದ ನಲ್ಲಿಯಲ್ಲಿ ನೀರು ಬರುವುದು ನಿಂತಿತ್ತು. ನಾನು ಏಳುವಷ್ಟರಲ್ಲಿ ಬಕೆಟ್ಟು ಜಾಗದಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕೆಳಗಿನಿಂದ ಒಂದು ಹಗುರ, ಒಂದು ಭಾರ, ನಡುವೆ ಒಂದು ನಿಲುಗಡೆ ಕೇಳಿಸತೊಡಗಿತು. ಬೆನ್ನ ಹಿಂದೆ ಬಂದು ಬೆಚ್ಚಿಬೀಳಿಸುವ ನನ್ನ ತಮ್ಮ ಬರುತ್ತಿರುವುದು ಮೊದಲ ಸಲ ದೂರದಿಂದಲೇ ನನಗೆ ಗೊತ್ತಾಯಿತು. ಬಾಗಿಲು ತೆರೆದಿಟ್ಟೆ, ಹಂಡೆಯ ಮುಚ್ಚಳ ತೆಗೆದೆ, ಅಕ್ಕಿಯನ್ನು ಮೊರಕ್ಕೆ ಸುರಿದು ಕಲ್ಲು ಆರಿಸಲು ಕೂತೆ.