ಮುದಿ ತೋಳ ಹೋದ ಮೇಲೆ

ಊರಿನ ಮೇಲಿನ ಗುಡ್ಡದಲ್ಲಿ ಕುರಿ ಸಾಕಿಕೊಂಡಿದ್ದ ಹೆಂಗಸನ್ನು ಎಲ್ಲರೂ ಉಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ಒಬ್ಬಳೇ ನೋಡಿಕೊಂಡು ಬಂದವಳು. ಮಾತು ಒರಟು, ಕೈ ಮೆತ್ತಗೆ. ಊರೊಳಗಿನ ಕ್ಷೌರದಂಗಡಿ ಅವಳ ತಮ್ಮನದು. ತಮ್ಮನ ಹೆಂಡತಿ ಶಾಲೆಯಲ್ಲಿ ಟೀಚರು. ಗಂಡನ ಅಕ್ಕ, ತಮ್ಮನ ಹೆಂಡತಿ ಎಂದರೆ ಹಾವು ಮುಂಗುಸಿ ಎಂದುಕೊಂಡವರಿಗೆ ಇವರಿಬ್ಬರನ್ನು ಕಂಡರೆ ಸೋಜಿಗ. ರಜೆ ಬಂತೆಂದರೆ ಟೀಚರು ಗುಡ್ಡ ಹತ್ತಿ, ಅಕ್ಕನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಸ್ಟೂಲು ಎಳೆದುಕೊಂಡು, ಸಂಜೆಯವರೆಗೂ ಹರಟೆ ಹೊಡೆದೇ ಇಳಿಯುತ್ತಿದ್ದಳು.

ಆ ವರ್ಷ ಚಳಿ ಬಿಡುವ ಹೊತ್ತಿಗೆ ತೋಳಗಳು ಕೆಳಗೆ ಬಂದವು. ಒಂದು ಬೆಳಿಗ್ಗೆ ಉಣ್ಣೆಯಕ್ಕ ದೊಡ್ಡಿಗೆ ಹೋದಾಗ ಬೇಲಿಯ ಒಂದು ಬದಿ ನೆಲಕ್ಕೊರಗಿತ್ತು. ಗಬ್ಬದ ಕುರಿಗಳು ನಾಲ್ಕೈದು ಸತ್ತು ಬಿದ್ದಿದ್ದವು. ತಿಂದಿದ್ದು ಒಂದನ್ನು ಮಾತ್ರ. ಉಳಿದವುಗಳ ಕುತ್ತಿಗೆ ಸೀಳಿ ಹಾಗೇ ಬಿಟ್ಟು ಹೋಗಿದ್ದವು. ಅವಳು ಅಳಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ನೆಲ ತೊಳೆದಳು. ಬದುಕುಳಿದ ಕುರಿಗಳು ನೀರಿನ ಸದ್ದಿಗೂ ಬೆಚ್ಚಿ ಗೋಡೆಗೆ ಒತ್ತಿಕೊಳ್ಳುತ್ತಿದ್ದವು.

ಶಾಲೆಯ ದೊಡ್ಡ ಕೋಣೆಯಲ್ಲಿ ಊರವರ ಸಭೆ ಸೇರಿತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮಂಡಿ ಇಡಲು ಜಾಗವಿಲ್ಲದೆ ಒದ್ದಾಡುತ್ತ ಕೂತಿದ್ದರು. ಮಾಂಸದಂಗಡಿಯವನು ಮೊದಲು ಎದ್ದ.

"ಇದರಲ್ಲಿ ಯೋಚನೆ ಮಾಡೋದೇನಿದೆ? ಇವತ್ತು ಕುರಿ, ನಾಳೆ ನಮ್ಮ ಮಕ್ಕಳು. ಹೊಡೆದು ಹಾಕೋಣ."

"ತೋಳ ಇಲ್ಲಿ ಯಾವತ್ತಾದ್ರೂ ಮಕ್ಕಳನ್ನ ಮುಟ್ಟಿದ್ಯಾ?" ಎಂದಳು ಟೀಚರು. "ಬೇಲಿ ಗಟ್ಟಿ ಮಾಡೋಣ, ಕಾವಲಿಗೆ ನಾಯಿ ತರೋಣ. ಒಂದನ್ನ ಕೊಂದ್ರೆ ಎಲ್ಲ ಸರಿಹೋಗತ್ತೆ ಅನ್ನೋ ನಂಬಿಕೆ ನಂಗಿಲ್ಲ."

"ಹಾಗಾದ್ರೆ ತೋಳನ್ನೂ ಶಾಲೆಗೆ ಸೇರಿಸ್ಕೊಳ್ಳಿ ಟೀಚರ್. ನಾಲ್ಕಕ್ಷರ ಕಲೀಲಿ ಪಾಪ!" ಎಂದ ಮಾಂಸದಂಗಡಿಯವನು.

ಸಭೆಯೆಲ್ಲ ನಕ್ಕಿತು. ನಗು ಇಳಿದ ಮೇಲೆ ಎಲ್ಲರ ಕಣ್ಣೂ ಉಣ್ಣೆಯಕ್ಕನತ್ತ ತಿರುಗಿದವು. ನಷ್ಟವಾದದ್ದು ಅವಳಿಗೆ, ಅವಳ ಮಾತೇ ಕೊನೆಯ ಮಾತು ಎಂಬಂತೆ.

"ಬೇಲಿ ಹಳೇದಾಗಿತ್ತು, ಇಲ್ಲ ಅನ್ನಲ್ಲ," ಎಂದಳು. "ಆದ್ರೆ ಆ ಕುರಿಗಳನ್ನೆಲ್ಲ ನಾನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದೆ. ಹೊಡೀರಿ."

ಟೀಚರು ಅವಳ ಮುಖ ನೋಡಿದಳು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಒಂದು ತೋಳವನ್ನು ಹೊಡೆಯಲು ಸರ್ಕಾರದಿಂದ ಅನುಮತಿ ಬಂತು. ಊರಿನಲ್ಲಿ ಗುರಿ ತಪ್ಪದ ಕೈ ಎಂದರೆ ಕ್ಷೌರದಂಗಡಿಯವನದೇ. ಅವನು ಕೋವಿ ಒರೆಸುತ್ತ ಕೂತಿದ್ದಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಹೋಗಲೇಬೇಕಾ?"

"ಅಕ್ಕ ಕೇಳಿದಾಳೆ. ಇಲ್ಲ ಅನ್ನೋದು ಹೇಗೆ ಹೇಳು?"

"ನಾನೂ ಕೇಳ್ತಾ ಇದೀನಲ್ಲ."

ಅವನು ಕೋವಿ ಒರೆಸುವುದನ್ನು ಮುಂದುವರಿಸಿದ. ಮರುದಿನ ಬೆಳಕು ಹರಿಯುವಾಗ ಗುಡ್ಡ ಹತ್ತಿ, ಬಂಡೆಯ ಹಿಂದೆ ಕಾದು, ಒಂದೇ ಗುಂಡಿಗೆ ಕೆಡವಿದ.

ಸತ್ತದ್ದು ಮುದಿ ಹೆಣ್ಣು ತೋಳ. ಅದನ್ನು ಪೇಟೆಯ ನಡುವೆ ಗಾಡಿಯಲ್ಲಿ ಮಲಗಿಸಿದ್ದರು. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಉಣ್ಣೆಯಕ್ಕನೂ ಇಳಿದು ಬಂದು ನೋಡಿದಳು. ಮೂತಿಯೆಲ್ಲ ನರೆತಿತ್ತು, ಹಲ್ಲು ಸವೆದಿದ್ದವು. ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡೇ ಬಂದಿದ್ದಳು. ಆಗಲಿಲ್ಲ. ಬೇಜಾರೂ ಆಗಲಿಲ್ಲ. ಎಲ್ಲೋ ನೋಡಿದ ಮುಖ ಎನಿಸಿತು, ಅಷ್ಟೇ. ಎಷ್ಟೋ ವರ್ಷಗಳಿಂದ ಚಳಿಗಾಲದಲ್ಲಿ ಗುಡ್ಡದ ನೆತ್ತಿಯ ಮೇಲೆ ಒಂದು ಹಿಂಡು ಸಾಲಾಗಿ ದಾಟಿ ಹೋಗುವುದನ್ನು ಅವಳು ಅಂಗಳದಿಂದ ನೋಡುತ್ತಿದ್ದಳು. ಮುಂದೆ ಇರುತ್ತಿದ್ದದ್ದು ಇದೇ ಇರಬೇಕು.

ಆ ದಿನದಿಂದ ಟೀಚರು ಗುಡ್ಡ ಹತ್ತುವುದನ್ನು ಬಿಟ್ಟಳು. ದಾರಿಯಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಅಕ್ಕಾ?" ಎನ್ನುವಳು. ಅದಕ್ಕಿಂತ ಜಗಳವಾಡಿದ್ದರೇ ವಾಸಿಯಿತ್ತು ಎನಿಸುತ್ತಿತ್ತು ಉಣ್ಣೆಯಕ್ಕನಿಗೆ.

ಊರು ನೆಮ್ಮದಿಯಾಗಿದ್ದದ್ದು ಸ್ವಲ್ಪ ದಿನ. ಮುದಿ ತೋಳ ಹೋದ ಮೇಲೆ ಹಿಂಡು ಚದುರಿತು. ಎಳೆಯ ತೋಳಗಳು ಒಂದೊಂದೇ ತಿರುಗತೊಡಗಿದವು. ದೊಡ್ಡ ಬೇಟೆ ಒಂಟಿಯಾಗಿ ಆಗದು. ಸುಲಭಕ್ಕೆ ಸಿಗುವುದು ಊರಿನಲ್ಲೇ. ಹಾಡಹಗಲೇ ಒಂದು ಕೋಳಿಗೂಡಿಗೆ ನುಗ್ಗಿತು. ಇನ್ನೊಂದು ಅಂಚೆಯವನ ನಾಯಿಯನ್ನು ಮನೆಯ ಮುಂದಿನಿಂದಲೇ ಎಳೆದೊಯ್ದಿತು. ಉಣ್ಣೆಯಕ್ಕನ ಮಂದೆಯಲ್ಲೂ ಮರಿಗಳು ಹೋದವು.

ಮತ್ತೆ ಸಭೆ. ಈ ಸಲ ಮಾಂಸದಂಗಡಿಯವನು ಇನ್ನೂ ಜೋರಾಗಿದ್ದ. "ಒಂದಕ್ಕೆ ನಿಲ್ಲಿಸಿದ್ದೇ ತಪ್ಪು. ಎಲ್ಲ ಮುಗಿಸಿಬಿಡಬೇಕು." ಟೀಚರು ಹಿಂದಿನ ಬೆಂಚಿನಲ್ಲಿ ಕೂತೇ ಇದ್ದಳು. ಎದ್ದದ್ದು ಉಣ್ಣೆಯಕ್ಕ.

"ತೋಳ ನಂಗೇನೂ ನೆಂಟ ಅಲ್ಲ. ಆದ್ರೆ ಒಂದನ್ನ ಹೊಡೆಸಿ ನೋಡಿದ್ವಿ, ಏನಾಯ್ತು ಅಂತ ಎಲ್ಲರೂ ಕಂಡ್ರಿ. ಈ ಬೇಸಿಗೆ ನಾಯಿ ಕಟ್ಕೊಂಡು, ಹೊಸ ಬೇಲಿ ಹಾಕ್ಕೊಂಡು, ನಾನೇ ಮೇಲೆ ಮಂದೆ ಜೊತೆ ಇರ್ತೀನಿ. ಆಗಲಿಲ್ವಾ, ಆಮೇಲೆ ನಿಮ್ಮಿಷ್ಟ."

"ಒಬ್ಬಳೇ ಹೇಗಿರ್ತೀಯಕ್ಕಾ?" ಎಂದ ತಮ್ಮ.

"ಒಬ್ಬಳೇ ಇದ್ದು ಅಭ್ಯಾಸ ಇದೆ ಕಣೋ."

ಶಾಲೆಗೆ ಬೇಸಿಗೆ ರಜೆ ಶುರುವಾದ ದಿನ, ಮೇಲಿನ ಹುಲ್ಲುಗಾವಲಿನ ಗುಡಿಸಲ ಮುಂದೆ ಟೀಚರು ಹಾಸಿಗೆ ಸುರುಳಿ ಇಳಿಸಿ ಏದುಸಿರು ಬಿಡುತ್ತ ನಿಂತಳು. ಉಣ್ಣೆಯಕ್ಕ ತಡಿಕೆಗೆ ಹಗ್ಗ ಬಿಗಿಯುತ್ತಿದ್ದಳು.

"ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಇಲ್ಲ. ಆದ್ರೆ ಕೆಳಗೆ ಒಬ್ಬಳೇ ಸಿಟ್ಟು ಮಾಡ್ಕೊಂಡು ಕೂತು ಬೇಜಾರಾಯ್ತು. ಇಲ್ಲೇ ಕೂತು ಮಾಡ್ಕೋತೀನಿ."

"ಮಾಡ್ಕೋ ಮಾಡ್ಕೋ. ಮೊದಲು ಆ ತುದಿ ಹಿಡಿ."

ಟೀಚರಿಗೆ ತೋಳಕ್ಕಿಂತ ಟಗರನ್ನು ಕಂಡರೇ ಭಯ. ಎರಡು ಸಲ ಗುಮ್ಮಿಸಿಕೊಂಡು ಬಿದ್ದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾರಕ್ಕೊಮ್ಮೆ ತಮ್ಮ ಸಾಮಾನು ಹೊತ್ತು ತಂದು, ಬಿಸಿಲಿಗೆ ಬೇಯುತ್ತಿದ್ದ ಕಾವಲುನಾಯಿಗಳ ಕೂದಲು ಕತ್ತರಿಸಿ ಹೋಗುತ್ತಿದ್ದ.

ಒಂದು ಸಂಜೆ ತೋಳ ಬಂತು. ಎಳೆಯದು, ಬಡಕಲು. ನಾಯಿಗಳು ಒಮ್ಮೆಲೇ ಬೊಗಳಿದವು. ಉಣ್ಣೆಯಕ್ಕ ಕೋಲು ಹಿಡಿದು ನಡೆದಳು. ಟೀಚರು ತಟ್ಟೆ ಬಡಿಯುತ್ತ ಹಿಂದೆ ಹೋದಳು. ತೋಳ ಓಡಲಿಲ್ಲ. ನಿಂತು ನೋಡಿತು, ಮೂಗೆತ್ತಿ ಗಾಳಿ ಮೂಸಿತು, ಆಮೇಲೆ ತನಗೇನೂ ಅವಸರವಿಲ್ಲ ಎಂಬಂತೆ ಬೆನ್ನು ತಿರುಗಿಸಿತು. ಅದು ಕಣ್ಮರೆಯಾದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದರು.

"ಚಂದ ಇತ್ತಲ್ವಾ?" ಎಂದಳು ಟೀಚರು ಮೆಲ್ಲಗೆ.

"ಇತ್ತು," ಎಂದಳು ಅಕ್ಕ. "ನಾಳೆ ಬೇಲಿಗೆ ಇನ್ನೊಂದು ಎಳೆ ತಂತಿ ಕಟ್ಟಬೇಕು."

ಆ ಬೇಸಿಗೆ ಮರಿಗಳು ಹೋಗಲೇ ಇಲ್ಲ ಎಂದಲ್ಲ. ಒಂದನ್ನು ತೋಳ ಕೊಂಡೊಯ್ದಿತು, ಒಂದು ಕಮರಿಗೆ ಬಿತ್ತು. ಆದರೂ ಮಂದೆ ಇಳಿದು ಬಂದಾಗ ರಸ್ತೆ ತುಂಬಿ, ಬಸ್ಸು ನಿಂತು ದಾರಿ ಬಿಡಬೇಕಾಯಿತು. ಹಿಂಡು ಮತ್ತೆ ಕೂಡಿಕೊಂಡಿತೋ ಏನೋ, ಊರೊಳಗೆ ತೋಳ ಕಾಣಿಸಿಕೊಳ್ಳುವುದು ಕಡಿಮೆಯಾಯಿತು. ಮತ್ತೆ ಹೊಡೆಯಲು ಅನುಮತಿ ಕೇಳುವುದೋ ಬೇಡವೋ ಎಂಬ ವಾದ ಮಾತ್ರ ಮುಗಿಯಲಿಲ್ಲ. ಸಭೆಯಿಂದ ಕ್ಷೌರದಂಗಡಿಗೆ ಬಂತು.

"ನಿಮ್ಮಕ್ಕಂದು ಅದೃಷ್ಟ ಕಣಯ್ಯ," ಎಂದ ಮಾಂಸದಂಗಡಿಯವನು ಕುರ್ಚಿಯಲ್ಲಿ ಒರಗಿ, ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು. "ಮುಂದಿನ ವರ್ಷ ನೋಡು. ಕೋವಿ ಇಲ್ದೆ ಆಗಲ್ಲ."

"ನೋಡೋಣ," ಎಂದು ತಮ್ಮ ಕತ್ತಿಯನ್ನು ಅವನ ಕುತ್ತಿಗೆಗೆ ತಂದ. "ಸದ್ಯಕ್ಕೆ ಅಲ್ಲಾಡಬೇಡಿ."